ಸಕ್ಕರೆ ಇಳಿಸಿ, ಹಲ್ಲು ಕೀಳಿಸಿ, ಕೀಲು ಹಾಕಿಸಿಕೊಂಡದ್ದು

ಆಸ್ಪತ್ರೆಗೆ ಹೋದ ಮತ್ತ್ಯಾರಿಗೂ ಆಗದ ಫಜೀತಿ ನನಗೇ ಯಾಕೆ ಆಗುತ್ತದೋ ತಿಳಿಯದು. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದು ರಿಟೈರ್ ಆದೆ. ಜಮಖಂಡಿಗೆ ಬಂದು ಕೂತವನಿಗೆ ಮತ್ತೆ ಏಳಲು ಆಗಲಿಲ್ಲ. ಬಲ ಮೊಣಕಾಲು ಸವೆದಿತ್ತು. ಹೊಸ ಕೀಲು ಹಾಕಿಸುವುದೆಂದು ಮನೆಯಲ್ಲಿ ಠರಾವಾಯಿತು.

೧. ಸಕ್ಕರೆ

ರಕ್ತದ ರಿಪೋರ್ಟು ನೋಡಿ ಡಾಕ್ಟರ ಮಾರಿ ಸಪ್ಪಗಾಯಿತು.

"ಸಕ್ಕರಿ ಭಾಳ ಐತ್ರಿ. ಹಿಂಗ ಆಪರೇಷನ್ ಮಾಡಿದ್ರ ಗಾಯ ಲಗೂ ಮಾಯೂದಿಲ್ಲ. ಒಳಗ ಕೀವು ಆತಂದ್ರ ಹಾಕಿದ ಕೀಲು ಮತ್ತ ತಗೀಬೇಕಾಗತೈತಿ. ಮೊದಲ ಸಕ್ಕರಿ ಇಳಸ್ರಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಸರ್, ಕಬ್ಬಿನಾಗ ಸಕ್ಕರಿ ಎಷ್ಟು ಏರಿತು ಅಂತ ನೋಡೂದ್ರಾಗ ನನ್ನ ಸರ್ವಿಸ್ ಹೋಗೇತ್ರಿ. ಇಳಸೂದು ಯಾರೂ ಕಲಿಸಿಲ್ಲ."

ಹಿಂದೆ ನಿಂತಿದ್ದ ಹೆಂಡತಿ ಹೇಳಿದಳು: "ನಾ ಕಲಿಸ್ತೇನಿ ಬಿಡ್ರಿ ಸರ್."

೨. ಹಲ್ಲು

ಅಂತೂ ಸಕ್ಕರೆ ಇಳಿಯಿತು. ಪ್ಯಾಂಟು ಮೇಲಕ್ಕೇರಿಸಿ ಕೂತರೆ ಡಾಕ್ಟರು "ಬಾಯಿ ತಗೀರಿ" ಎಂದರು.

"ನೋವು ಕೆಳಗ ಐತ್ರಿ ಸರ್."

"ಗೊತ್ತೈತ್ರಿ. ಹುಳುಕ ಹಲ್ಲಿನ ಕೀವು ರಕ್ತದಾಗ ಸೇರಿ ಹೊಸ ಕೀಲಿಗೆ ಹೋಗಿ ಕುಂಡ್ರತೈತಿ. ಮೊದಲ ಆ ದವಡಿ ಹಲ್ಲು ಕೀಳಸ್ರಿ."

ಕೀಳಿಸಿಕೊಂಡು, ಊದಿದ ಗಲ್ಲಕ್ಕೆ ಟವೆಲ್ ಕಟ್ಟಿಕೊಂಡು ಮಲಗಿದ್ದೆ. ಆಪರೇಷನ್ ಆಗಿಹೋಗಿದೆ ಎಂದುಕೊಂಡು ಮಗ್ಗುಲ ಮನೆಯ ಕಾಕಾ ಬಾಳೆಹಣ್ಣು ಹಿಡಿದು ಬಂದರು. ನನ್ನ ಕಾಲು ನೋಡಿದರು, ಮಾರಿ ನೋಡಿದರು.

"ತಮ್ಮಾ, ಡಾಕ್ಟರು ಭಾಳ ಮ್ಯಾಲಿಂದ ಚಾಲೂ ಮಾಡ್ಯಾರಲ್ಲೋ!"

೩. ಮುಟ್ಟಬ್ಯಾಡ್ರಿ

ಕಡೆಗೊಮ್ಮೆ ಆಪರೇಷನ್ ಆಯಿತು. ಮನೆಗೆ ಬಂದ ನಾನು ಅರ್ಧ ಡಾಕ್ಟರೇ ಆಗಿದ್ದೆ. ಬನಹಟ್ಟಿಯ ಬೀಗರಿಗೆ ಬಾಗಿಲಲ್ಲೇ "ಕೈ ತೊಳಕೊಂಡ ಬರ್ರಿ" ಅಂದೆ. ಗಾಯಕ್ಕೆ ಅರಿಷಿಣ ಹಚ್ಚಲು ಬಂದ ಅತ್ತಿಗೆಗೆ ವಾಕರ್ ಅಡ್ಡ ಹಿಡಿದೆ. ಸೋಂಕಿನ ಬಗ್ಗೆ ನನ್ನ ಭಾಷಣ ಕೇಳಿ ಕೇಳಿ ಮಂದಿ ಬರುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ಹೊಲಿಗೆಯ ಹತ್ತಿರ ತುರಿಕೆ ಸುರುವಾಯಿತು. ತಡೆದೆ, ತಡೆದೆ, ಆಗಲಿಲ್ಲ. ಕೈಗೆ ಸಿಕ್ಕ ತಲೆ ಬಾಚುವ ಹಣಿಗೆಯನ್ನು ಪಟ್ಟಿಯೊಳಗೆ ಮೆಲ್ಲಗೆ ತೂರಿಸಿ ಕಣ್ಣು ಮುಚ್ಚಿದೆ. ಆಹಾ! ಕಣ್ಣು ತೆರೆದರೆ ಎದುರಿಗೆ ಹೆಂಡತಿ. ಅವಳು ಹಣಿಗೆ ಕಸಿದುಕೊಂಡು ಆಟೋ ತರಿಸಿದಳು. ದಾರಿಯುದ್ದಕ್ಕೂ ಇಬ್ಬರ ಜೀವವೂ ಕೈಯಲ್ಲಿತ್ತು.

ಡಾಕ್ಟರು ಪಟ್ಟಿ ಬಿಚ್ಚಿ, ಗಾಯ ತೊಳೆದು, "ಪುಣ್ಯಾ, ಏನೂ ಆಗಿಲ್ಲ. ಯಾರ್ರೀ ಇದನ್ನ ಕೆರದಾವ್ರು?" ಎಂದರು.

ನಾನು ಗೋಡೆಯ ಮೇಲಿನ ಫ್ಯಾನಿನತ್ತ ನೋಡಿದೆ. ಹೆಂಡತಿ ಕೈ ಮುಗಿದಳು.

"ಊರ ಮಂದಿನ್ನೆಲ್ಲಾ ಇವರು ದೂರ ನಿಂದ್ರಸ್ಯಾರ್ರಿ ಸರ್. ಇವರನ್ನ ಇವರ ಕಾಲಿಂದ ದೂರ ನಿಂದ್ರಸಾಕ ಏನರೆ ಗುಳಿಗಿ ಇದ್ರ ಬರದ ಕೊಡ್ರಿ!"