ನಮ್ಮ ಕಾರಿಗೆ ಕಾಮಾಲೆಯಾದದ್ದು

ಹೊಟ್ಟೆಕಿಚ್ಚಿನ ಮನುಷ್ಯನ ಮನೆಯಲ್ಲಿ ನಗೆಪಾಟಲಿಗೆ ಎಂದೂ ಬರವಿಲ್ಲ. ನನ್ನನ್ನೇ ನೋಡಿ. ಕೊಟ್ಟೂರಿನಲ್ಲಿ ಮಾಸ್ತರಿಕೆ ಮಾಡಿಕೊಂಡು, ಯಾರ ತಂಟೆಗೂ ಹೋಗದೆ ಇದ್ದವನು. ಎದುರುಮನೆಯ ಗೊಬ್ಬರದಂಗಡಿ ಸಾವ್ಕಾರರೂ ನಾನೂ ಒಂದೇ ಕಂಪನಿಯ, ಒಂದೇ ಬಣ್ಣದ ಕಾರು ಕೊಂಡದ್ದೇ ತಪ್ಪಾಯಿತು. ಅವರ ಕಾರು ಶೆಡ್ಡಿನ ನೆರಳಿನಲ್ಲಿ ತಣ್ಣಗೆ ಬೆಳೆಯಿತು. ನನ್ನದು ಬೀದಿಯಲ್ಲಿ, ನಮ್ಮ ಕಡೆಯ ಬಿಸಿಲಿನಲ್ಲಿ. ಕೆಲವೇ ವರ್ಷಗಳಲ್ಲಿ ನನ್ನ ಕಾರಿನ ಹೆಡ್‌ಲೈಟುಗಳು ಮಂಜಾಗಿ, ಹಳದಿಗಟ್ಟಿ, ಹಳೆಯ ಎಣ್ಣೆ ಬಾಟಲಿಯಂತಾದವು. ಅವರವು ಮಾತ್ರ ಕೊಂಡ ದಿನದ ಹಾಗೇ ಫಳಫಳ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲ ದರ್ಶನ ಅದರದ್ದೇ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಔಷಧ

ಹರಪನಹಳ್ಳಿಯ ನಮ್ಮಕ್ಕ ಮಗನ ಮದುವೆಗೆ ಕರೆಯಲು ಬಂದಳು. ಮೆರವಣಿಗೆಗೆ ಮದುಮಗ ಸೋದರಮಾವನ ಕಾರಿನಲ್ಲೇ ಕೂರಬೇಕು, ಅದು ನನ್ನ ಹಕ್ಕು. ಅಕ್ಕ ನನ್ನ ಕಾರಿಗೆ ಒಂದು ಸುತ್ತು ಹಾಕಿದಳು, ಎದುರುಮನೆಯ ಕಾರನ್ನೂ ಒಮ್ಮೆ ನೋಡಿದಳು.

"ನಿನ್ನ ಗಾಡಿ ಕಣ್ಣಿಗೆ ಕಾಮಾಲಿ ಆಗೇತಲ್ಲೋ ತಮ್ಮಾ. ಸಾವ್ಕಾರ್ರನ್ನ ಕೇಳಿದ್ರ ಅವರ ಗಾಡಿ ಕೊಡ್ತಾರೇನು?"

ನನ್ನ ಸೋದರಳಿಯ ಅವರ ಕಾರಿನಲ್ಲಿ! ಆ ದಿನ ನನಗೆ ಅನ್ನ ಸೇರಲಿಲ್ಲ.

ಮೊಬೈಲು ಆಗಷ್ಟೇ ಬಂದ ಕಾಲ, ಆಡಿದ್ದರಲ್ಲಿ ಅರ್ಧ ಮಾತು ದಾರಿಯಲ್ಲೇ ಉಳಿಯುತ್ತಿತ್ತು. ನಮ್ಮಾಕೆ ಹಡಗಲಿಯ ತವರಿಗೆ ಫೋನು ಹಚ್ಚಿ, "ನಮ್ಮವ್ರ ಕಾರಿನ ಕಣ್ಣು ಹಳದಿ ಆಗ್ಯಾವ, ಅದಕ್ಕ ಊಟಾನೂ ಮಾಡವಲ್ರು" ಅಂದಳು. ಆ ಕಡೆಗೆ ಎಲ್ಲ ಮುಟ್ಟಿತು, ಕಾರು ಒಂದು ಮುಟ್ಟಲಿಲ್ಲ.

ಮರುದಿನ ಮೊದಲ ಬಸ್ಸಿಗೆ ನಮ್ಮ ಅತ್ತೆ ಸೊಪ್ಪಿನ ಗಂಟಿನ ಸಮೇತ ಇಳಿದರು. ಬಂದವರೇ ಅರೆದು, ಮಜ್ಜಿಗೆಯಲ್ಲಿ ಕದಡಿ, ನಾನು ಬಾಯಿ ತೆರೆದು "ಏನಿದು" ಅನ್ನುವಷ್ಟರಲ್ಲಿ ತೆರೆದ ಬಾಯಿಗೇ ಸುರಿದರು. ನುಂಗಿದ ಮೇಲೆ ಕಾರಿನ ವಿಷಯ ಹೇಳಿದೆ. ಅತ್ತೆ ಸ್ವಲ್ಪವೂ ಅಳುಕಲಿಲ್ಲ.

"ಇರ್ಲಿ ಬಿಡ್ರಿ, ಕುಡಿದದ್ದೇನು ಕೆಡಂಗಿಲ್ಲ. ಆದ್ರ ಇದು ಮೂರು ಸಲ ಕುಡೀಬೇಕು. ನಡುವ ಬಿಟ್ರ ಕಾಮಾಲಿ ತಿರುಗಿ ಬರ್ತೈತಿ."

ಎರಡನೆಯ ಸಲಕ್ಕೆ ನಾನು ಬಾಯಿ ತೆರೆಯಲಿಲ್ಲ. ಆದರೂ ಆ ದಿನದ ಉಪ್ಪಿಲ್ಲದ, ಖಾರವಿಲ್ಲದ ಪಥ್ಯದ ಊಟ ಮಾತ್ರ ತಪ್ಪಲಿಲ್ಲ. ಕಾಯಿಲೆ ಕಾರಿಗೆ, ಪಥ್ಯ ನನಗೆ.

ದೀಕ್ಷೆ

ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ಹಳದಿ ಹೋಗುತ್ತದೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಬೆಳಿಗ್ಗೆ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಸಾವ್ಕಾರರು ಬಂದು ನಿಂತರು.

"ಹಲ್ಲು ಉಜ್ಜಿಸಿದ್ದು ಛಲೋ ಆತು ಮಾಸ್ತರ್ರ. ಚಾ ಕುಡಿಸಿದ್ರೋ ಇಲ್ಲೋ?"

ಹೊಳಪು ಒಂದು ತಾಸು ಇತ್ತು, ಬಿಸಿಲು ಬಿದ್ದ ಮೇಲೆ ಮತ್ತೆ ಅದೇ ಎಣ್ಣೆ ಬಾಟಲಿ. ಕೊನೆಗೆ ಮಾನ ಬಿಟ್ಟು ಸಾವ್ಕಾರರನ್ನೇ ಕೇಳಿದೆ, ನಿಮ್ಮವು ಹೆಂಗ ಹಿಂಗ ಹೊಳೀತಾವ ಅಂತ.

"ನಂದೇನೈತ್ರಿ? ದಿನಾ ಮುಂಜಾನಿ ವಿಭೂತಿ ಹಚ್ಚಿ ಕೈ ಮುಗೀತೀನಿ, ಅಷ್ಟ."

ಅವರು ಹೇಳಿದ್ದು ಭಕ್ತಿ, ನಾನು ಕೇಳಿಸಿಕೊಂಡದ್ದು ಪಾಲಿಶು. ಬೂದಿಯಿಂದ ಹಿತ್ತಾಳೆಯ ದೀಪದ ಸಮೆ ಬೆಳಗುವುದಿಲ್ಲವೇ, ಹಾಗೇ ಇದೂ ಇರಬೇಕು ಅಂದುಕೊಂಡೆ. ಅವ್ವನ ಪೂಜೆಯ ವಿಭೂತಿ ಗಟ್ಟಿಯನ್ನು ತಂದು, ನೀರಿನಲ್ಲಿ ಅದ್ದಿ, ಎರಡೂ ಹೆಡ್‌ಲೈಟಿಗೆ ತಿಕ್ಕಿದ್ದೇ ತಿಕ್ಕಿದ್ದು. ಸ್ನಾನ ಮಾಡಿ ಲಿಂಗಪೂಜೆಗೆ ಕೂತ ಅವ್ವ ತಟ್ಟೆ ತಡಕಾಡಿದಳು, ಒಳಗೆಲ್ಲ ಹುಡುಕಿದಳು, ಕೊನೆಗೆ ಬೀದಿಗೆ ಬಂದಳು. ಗಟ್ಟಿ ಸವೆದು ನನ್ನ ಕೈಯಲ್ಲಿ ಹುಣಸೆಬೀಜದಷ್ಟು ಉಳಿದಿತ್ತು.

"ಏನಲೇ ಇದು, ಕಾರಿಗೆ ದೀಕ್ಷಾ ಕೊಡಾಕ ಹತ್ತೀಯೇನು? ಹಂಗಾದ್ರ ಕೊಳ್ಳಾಗ ಒಂದು ಲಿಂಗಾನೂ ಕಟ್ಟಿಬಿಡು. ನಿನಗಿಂತ ಛಲೋ ನಡಕೊಂತೈತಿ."

ಮರಳು ಕಾಗದ

ದೇವರು ಕೈಬಿಟ್ಟ ಮೇಲೆ ಬಡಿಗೇರ ಅಂಗಡಿಯ ಮರಳು ಕಾಗದ ತಂದು ಉಜ್ಜಿದೆ. ಹಳದಿಯೇನೋ ಹೋಯಿತು, ಆದರೆ ಗಾಜಿನಂಥ ಆ ಪ್ಲಾಸ್ಟಿಕ್ಕು ಹೆಪ್ಪಿಟ್ಟ ಮೊಸರಿನ ಹಾಗೆ ಬೆಳ್ಳಗಾಯಿತು. ನಮ್ಮಾಕೆ ನೋಡಿ, "ಕಾಮಾಲಿ ಹೋತು, ಪೊರಿ ಬಂತು" ಅಂದಳು.

ಹಗರಿಬೊಮ್ಮನಹಳ್ಳಿಯಲ್ಲಿ ಲಾರಿಗೆ ಬಣ್ಣ ಹೊಡೆಯುವವನೊಬ್ಬ ದಾರಿ ಹೇಳಿದ. ನೀರಿನಲ್ಲಿ ನೆನೆಸುವ ನುಣುಪು ಕಾಗದ, ಆಮೇಲೆ ಅದಕ್ಕಿಂತ ನುಣುಪಿನದು, ಆಮೇಲೆ ಪಾಲಿಶು. ಕೊನೆಗೆ ಮೇಲೊಂದು ತಿಳಿ ವಾರ್ನಿಷ್ ಹೊಡೆದು ಎರಡು ದಿನ ಗಾಡಿಯನ್ನು ಯಾರದಾದರೂ ಶೆಡ್ಡಿನ ಒಳಗೆ ನಿಲ್ಲಿಸಬೇಕು.

ಭಾನುವಾರವಿಡೀ ತಿಕ್ಕಿದೆ. ಹಳದಿ ನೀರು ಇಳಿದು, ಬಿಳಿ ನೀರು ಇಳಿದು, ನಮ್ಮಾಕೆಯ ಹಳೆಯ ಸೀರೆಯ ಸೆರಗಿನಿಂದ ಪಾಲಿಶು ಮಾಡಿದಾಗ ಒಳಗಿನ ಬಲ್ಬಿನ ತಂತಿ ಕೂಡ ಕಂಡಿತು. ಕಣ್ಣಲ್ಲಿ ನೀರು ಬಂತು. ಆದರೆ ವಾರ್ನಿಷ್ ಹೊಡೆದು ಎರಡು ದಿನ ಒಳಗಿಟ್ಟರೆ ಸಾವ್ಕಾರರು ನೋಡುವುದು ಯಾವಾಗ? ವಾರ್ನಿಷ್ ಬಿಟ್ಟೆ. ಹಾಡಹಗಲೇ ಲೈಟು ಹಾಕಿ, ಅವರ ಬಾಗಿಲಿಗೆ ಮುಖ ಮಾಡಿ ಗಾಡಿ ನಿಲ್ಲಿಸಿದೆ.

ಸಾವ್ಕಾರರು ಬಗ್ಗಿ ನೋಡಿದರು, ಮುಟ್ಟಿ ನೋಡಿದರು. "ಏನ್ ಹಚ್ಚಿದ್ರಿ ಮಾಸ್ತರ್ರ?"

"ವಿಭೂತಿ ರೀ" ಅಂದೆ.

ಆ ರಾತ್ರಿಯಷ್ಟು ಸುಖವಾದ ನಿದ್ದೆ ನಾನು ಯಾವತ್ತೂ ಮಾಡಿಲ್ಲ. ಮರುದಿನ ಅವ್ವ ಪೇಟೆಯಿಂದ ಬಂದವಳು, "ಎದುರುಮನಿ ಸಾವ್ಕಾರ್ರು ಚೀಲದ ತುಂಬ ವಿಭೂತಿ ತಗೊಂಡ್ರು ನೋಡು. ಏನ್ ಭಕ್ತಿ! ಅವರನ್ನ ನೋಡಿ ಕಲಿ" ಅಂದಳು. ಮತ್ತೆ ಹೊಟ್ಟೆ ಉರಿಯಿತು.

ಅರಿಶಿನ

ಅಕ್ಕ ಒಪ್ಪಿದಳು. ಮದುಮಗ ನನ್ನ ಕಾರಿನಲ್ಲೇ! ಹರಪನಹಳ್ಳಿಯ ಮದುವೆಮನೆಗೆ ಸಾವ್ಕಾರರಿಗೂ ಕರೆಯಿತ್ತು, ತಮ್ಮ ಕಾರಿನಲ್ಲೇ ಬಂದಿದ್ದರು. ನಾನು ಬೇಕೆಂದೇ ಅವರ ಕಾರಿನ ಮಗ್ಗುಲಲ್ಲಿ ನನ್ನದನ್ನು ನಿಲ್ಲಿಸಿದೆ. ಜನ ಎರಡನ್ನೂ ನೋಡಲಿ, ಸ್ವಲ್ಪ ತೂಗಿ ನೋಡಲಿ. ಆಮೇಲೆ ರುಮಾಲು ಸುತ್ತಿಸಿಕೊಳ್ಳಲು ಒಳಗೆ ಹೋದೆ.

ಅಷ್ಟರಲ್ಲಿ ಮದುಮಗನ ಕಾರಿಗೆ ಪೂಜೆಯಾಗಬೇಕೆಂದು ಅಕ್ಕ ಮುತ್ತೈದೆಯರನ್ನು ಕರೆತಂದಿದ್ದಳು. ಹೆಡ್‌ಲೈಟು ನೋಡಿ ಅವಳಿಗೆ ಹೆದರಿಕೆಯಾಯಿತಂತೆ. "ಯವ್ವಾ, ಹೆಂಗ ಮಿಂಚ್ತಾವ! ಯಾರದರ ಕಣ್ಣು ತಗಲೀತು" ಎಂದು ಕಲೆಸಿದ ಅರಿಶಿನವನ್ನು ನನ್ನ ಕಾರಿನ ಎರಡೂ ಕಣ್ಣಿಗೆ ಅಂಗೈತುಂಬ ಬಳಿದಳು. ಉಳಿದ ಮುತ್ತೈದೆಯರೂ ಒಬ್ಬರಿಗಿಂತ ಒಬ್ಬರು ಹೆಚ್ಚು ಬಳಿದರು.

ನಾನು ಬರುವಷ್ಟರಲ್ಲಿ ವಾದ್ಯ ಶುರುವಾಗಿತ್ತು. ಸೋದರಳಿಯ ನನ್ನ ಕಾರಿನಲ್ಲಿ ಕೂತ, ನಾನೇ ಓಡಿಸಿದೆ. ಬಿಸಿಲಿನಲ್ಲಿ ಮೆರವಣಿಗೆ ಊರೆಲ್ಲ ಸುತ್ತಿತು, ಅರಿಶಿನ ಒಣಗಿ ಚಕ್ಕೆಯಾಯಿತು. ಮುಗಿದ ಮೇಲೆ ಕೊಡ ನೀರು ತಂದು ತೊಳೆದೆ. ಅರಿಶಿನ ಹೋಯಿತು, ಹಳದಿ ಹೋಗಲಿಲ್ಲ. ವಾರ್ನಿಷ್ ಇಲ್ಲದೆ ಬರಿಮೈಯಲ್ಲಿದ್ದ ಹೆಡ್‌ಲೈಟು ಬಣ್ಣವನ್ನೆಲ್ಲ ಕುಡಿದಿತ್ತು. ಮೊದಲಿನದು ಎಣ್ಣೆಯ ಹಳದಿ, ಇದು ಹೋಳಿಗೆಯ ಹಳದಿ.

ಸಾವ್ಕಾರರು ಬಂದು ನೋಡಿ, "ಇರ್ಲಿ ಬಿಡ್ರಿ ಮಾಸ್ತರ್ರ, ಅರಿಶಿನ ಅಂದ್ರ ಶುಭ" ಎಂದು ಕರವಸ್ತ್ರ ತೆಗೆದು ತಮ್ಮ ಹೆಡ್‌ಲೈಟು ಒರೆಸಿಕೊಂಡರು.

ಆಗ ಜನರನ್ನು ಸರಿಸಿಕೊಂಡು ನಮ್ಮ ಅತ್ತೆ ಬಂದರು. ಕಾರನ್ನು ನೋಡಿದರು, ನನ್ನನ್ನು ನೋಡಿದರು.

"ಅವತ್ತ ಬಡ್ಕೊಂಡ್ನೆಲ್ರಿ, ಮೂರು ಸಲ ಕುಡೀಬೇಕಂತ. ಒಂದಕ್ಕ ಬಿಟ್ರಿ. ನೋಡ್ರಿ ಈಗ, ತಿರುಗಿ ಬಂತು!"