ನೂರ ಅರವತ್ತೆರಡು ಕ್ರಿಯಾಪದಗಳು

ಕಾರ್ಖಾನೆಯ ನೋಟಿಸು ಬೋರ್ಡಿಗೆ ಅಂಟಿಸಿದ್ದ ಅಂಗೈಯಗಲದ ಕಾಗದವೇ ಎವಾರಿಸ್ತನ ತಲೆ ಕೆಡಿಸಿದ್ದು. ಫ್ರಾನ್ಸಿನ ಪಿಕಾರ್ದಿಯ ಆ ಬೀಗದ ಕಾರ್ಖಾನೆಯನ್ನು ಇಂಗ್ಲಿಷರು ಕೊಂಡು ಮೂರು ತಿಂಗಳಾಗಿತ್ತು. ಪ್ಯಾಕಿಂಗ್ ವಿಭಾಗದ ಇಬ್ಬರಲ್ಲಿ ಒಬ್ಬರನ್ನು ತೆಗೆಯಲಾಗುವುದು, ಮುಂದಿನ ತಿಂಗಳ ಮೊದಲ ಶುಕ್ರವಾರ ಇಬ್ಬರ ಇಂಗ್ಲಿಷನ್ನೂ ಪರೀಕ್ಷಿಸಲಾಗುವುದು ಎಂದಷ್ಟೇ ಅದರಲ್ಲಿತ್ತು.

ಇನ್ನೊಬ್ಬ ಒಕ್ತಾವ್. ಇಬ್ಬರಿಗೂ ಐವತ್ತೊಂದು ವರ್ಷ, ಇಪ್ಪತ್ತಾರು ವರ್ಷದ ಸರ್ವೀಸು, ಎರಡೆರಡು ಮಕ್ಕಳು. ಫ್ರೆಂಚ್ ಬಿಟ್ಟರೆ ಇಬ್ಬರಿಗೂ ಬೇರೆ ಭಾಷೆಯ ಗಂಧವಿಲ್ಲ. ಒಕ್ತಾವ್ ಕೈಚೆಲ್ಲಿ, ಗಾಳ ತೆಗೆದುಕೊಂಡು ಮೀನು ಹಿಡಿಯಲು ಹೋದ. ಎವಾರಿಸ್ತ್ ಮಗಳ ಹಳೆಯ ಇಂಗ್ಲಿಷ್ ಶಾಲಾಪುಸ್ತಕ ಹಿಡಿದು ಕೂತ.

ನಿಯಮಕ್ಕೆ ತಲೆಬಾಗುವ ಕ್ರಿಯಾಪದಗಳು ಅವನಂತೆಯೇ ಸಾಧು ಪ್ರಾಣಿಗಳು. ಕೊಟ್ಟ ಬಾಲ ಅಂಟಿಸಿಕೊಂಡು ತೆಪ್ಪಗೆ ಭೂತಕಾಲಕ್ಕೆ ನಡೆಯುತ್ತಿದ್ದವು. ಉಳಿದ ನೂರ ಅರವತ್ತೆರಡು ಮಾತ್ರ ಶುದ್ಧ ಪೋಕರಿಗಳು. ಒಂದು ನಿನ್ನೆಗೆ ಹೋದೊಡನೆ ಗುರುತೇ ಸಿಗದಂತೆ ವೇಷ ಬದಲಿಸಿದರೆ, ಇನ್ನೊಂದು ಮೂರು ರೂಪದಲ್ಲೂ ಅದೇ ಮುಖ ಹೊತ್ತು ಕೂತಿರುತ್ತಿತ್ತು. ಅವನು ಎಲ್ಲವನ್ನೂ ಮೂರು ಮೂರಾಗಿ ಗಟ್ಟಿ ಹೊಡೆದ.

ಶುಕ್ರವಾರ ಬೆಳಿಗ್ಗೆ ಗಡ್ಡ ಹೆರೆಯುವಾಗ ಹೆಂಡತಿ ಸೊಲಾಂಜ್ ಹತ್ತು ಕೇಳಿದಳು. ಎಂಟನೆಯದಕ್ಕೆ ಗಲ್ಲ ಕೊಯ್ದುಕೊಂಡ. ಬ್ರೆಡ್ಡಿನಂಗಡಿಯಾಕೆ ಐದು ಹೇಳದೆ ಬ್ರೆಡ್ಡು ಕೊಡುವುದಿಲ್ಲವೆಂದಳು. ಸಾಲಿನಲ್ಲಿದ್ದ ನಿವೃತ್ತ ರೈಲ್ವೆಯವನೊಬ್ಬ ನಾಲ್ಕನೆಯದು ತಪ್ಪೆಂದು ಜಗಳಕ್ಕೆ ನಿಂತ. ಕಾರ್ಖಾನೆಯಲ್ಲಿ ಬೆಳಿಗ್ಗೆ ಪ್ರತಿಯೊಬ್ಬರ ಕೈ ಕುಲುಕದೆ ಕೆಲಸಕ್ಕೆ ಕೂರುವಂತಿಲ್ಲ. ಆ ದಿನ ಒಂದೊಂದು ಕೈಯೂ ಒಂದೊಂದು ಕ್ರಿಯಾಪದ ಕೇಳಿಯೇ ಅವನನ್ನು ಬಿಟ್ಟಿತು.

ಜಪ ಮಾಡುತ್ತಲೇ ಕೆಲಸಕ್ಕಿಳಿದ ಅವನು ಮುನ್ನೂರು ಪೆಟ್ಟಿಗೆಗಳಲ್ಲಿ ಒಂದರ ಬೀಗಕ್ಕೆ ಇನ್ನೊಂದರ ಕೀಲಿ ತುಂಬಿಬಿಟ್ಟ. ಮೇಸ್ತ್ರಿ ಪೆಟ್ಟಿಗೆಗಳನ್ನೂ ಅವನ ಮುಖವನ್ನೂ ನೋಡಿದ.

"ಸಂಜೆ ನೀನು ಉಳೀತೀಯೋ ಇಲ್ವೋ ನೋಡ್ಕೊಂಡು ಬೈತೀನಿ ಮಾರಾಯ. ಸುಮ್ನೆ ಬಾಯಿ ನೋಯಿಸ್ಕೊಳ್ಳೋದು ಯಾಕೆ?"

ಊಟದ ಬಿಡುವೆಲ್ಲ ಕೀಲಿ ಹೊಂದಿಸುವುದರಲ್ಲೇ ಕಳೆಯಿತು.

ಮೂರು ಗಂಟೆಗೆ ಒಕ್ತಾವ್ ಮೊದಲು ಒಳಗೆ ಹೋದ. ಎರಡೇ ನಿಮಿಷಕ್ಕೆ ಹೊರಬಂದ.

"ಏನಂದೆ?"

"ಬರಲ್ಲ ಅಂದೆ."

ಎವಾರಿಸ್ತನಿಗೆ ಅಯ್ಯೋ ಅನ್ನಿಸಿತು. ಹಿಂದೆಯೇ ಖುಷಿಯೂ ಆಯಿತು. ಆ ಖುಷಿಗೆ ನಾಚಿಕೆಯಾಯಿತು.

ಒಳಗೆ ಸಿಬ್ಬಂದಿ ವಿಭಾಗದ ಮದಾಂ ಕ್ರೆಪೆಲ್ ಮತ್ತು ಒಬ್ಬ ಇಂಗ್ಲಿಷಿನವನು ಕೂತಿದ್ದರು. ಎಷ್ಟು ಬರುತ್ತದೆ ಎಂದು ಆಕೆ ಕೇಳಿದ್ದೇ ತಡ, ಅವನು ನಿಂತುಕೊಂಡೇ ನೂರ ಅರವತ್ತೆರಡನ್ನೂ ಒಪ್ಪಿಸಿದ. ಬೆವರು ಕಾಲರು ದಾಟಿ ಬೆನ್ನಿಗಿಳಿಯಿತು. ಇಂಗ್ಲಿಷಿನವನು ಪೆನ್ನು ಕೆಳಗಿಟ್ಟು ಬಾಯಿ ತೆರೆದು ಕೇಳುತ್ತಿದ್ದ.

"ಒಂದೂ ತಪ್ಪಿಲ್ಲ," ಎಂದು ಮದಾಂ ಉಸಿರು ಬಿಟ್ಟರು. "ನನಗಂತೂ ದೊಡ್ಡ ಭಾರ ಇಳೀತು. ಬೇರೆಲ್ಲದರಲ್ಲೂ ನೀವಿಬ್ಬರೂ ಸಮಸಮ ಇದ್ರಿ."

ಎವಾರಿಸ್ತ್ ವಿನಯದಿಂದ ನಕ್ಕ.

"ಹೊರಗೆ ಕೆಲಸ ಸಿಗೋದು ಯಾರಿಗೆ ಹೆಚ್ಚು ಕಷ್ಟವೋ ಅವರನ್ನ ಉಳಿಸ್ಕೋಬೇಕು ಅಂತ ನಿಯಮ. ಪಾಪ, ಒಕ್ತಾವ್‌ಗೆ ಒಂದಕ್ಷರ ಬರಲ್ಲ, ಅವನನ್ನ ಯಾರು ಸೇರಿಸ್ಕೋತಾರೆ? ನಿಮಗೇನು ಬಿಡಿ, ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮದಾಂ, ನಂಗೆ ಇಂಗ್ಲಿಷ್ ಬರಲ್ಲ. ಇದಿಷ್ಟೇ ಬರೋದು. ನೀರು ಕೇಳೋಕೂ ಬರಲ್ಲ."

"ನಿಮ್ಮ ಈ ಸಂಕೋಚ ಇದೆಯಲ್ಲ, ಹೊಸ ಕಡೆ ಅದನ್ನ ಬಿಟ್ಬಿಡಿ," ಎಂದು ಆಕೆ ಅವನ ಹೆಸರಿನ ಮುಂದೆ ಗೀಟು ಎಳೆದರು. ಇಂಗ್ಲಿಷಿನವನು ಎದ್ದು ಬಂದು ಕೈ ಕುಲುಕಿ ಏನೋ ಉದ್ದಕ್ಕೆ ಹೇಳಿದ. ಎವಾರಿಸ್ತನಿಗೆ ಒಂದೂ ತಿಳಿಯಲಿಲ್ಲ.

ಮನೆಯ ಬಾಗಿಲಲ್ಲೇ ಕಾದಿದ್ದ ಸೊಲಾಂಜ್ ಅವನ ತೋಳು ಹಿಡಿದಳು.

"ಎಲ್ಲಾ ಹೇಳ್ದಾ?"

"ಹೇಳ್ದೆ."

"ತಪ್ಪಿಲ್ದೆ?"

"ಒಂದೂ ತಪ್ಪಿಲ್ದೆ."

ಅವಳು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು ಅಕ್ಕಪಕ್ಕದವರನ್ನೆಲ್ಲ ಕರೆಯಲು ಓಡಿದಳು. ಎವಾರಿಸ್ತ್ ಕೋಟನ್ನೂ ಬಿಚ್ಚದೆ ನಡುಮನೆಯಲ್ಲಿ ನಿಂತ. ಅವಳಿಗೆ ಹೇಳಬೇಕಾದ ಮಾತು ಅವನಿಗೆ ಫ್ರೆಂಚಿನಲ್ಲೂ ಬರಲಿಲ್ಲ.