ಗಡಿಗೆ ಒಡೆದದ್ದಕ್ಕೆ ಕಾರಣ

ನುಗ್ಗೆಯ ಕೊಂಬೆಯಿಂದ ಕಾಗೆ ಹಾರಿದ್ದಕ್ಕೆ ಎಲೆ ಉದುರಿತೋ, ಎಲೆ ಉದುರಿದ್ದಕ್ಕೇ ಕಾಗೆ ಹಾರಿತೋ ಎಂದು ಯೋಚಿಸುತ್ತ ಫೂಲೇಶ್ವರ ಝಾ ಅಂಗಳಕ್ಕೆ ಕಾಲಿಟ್ಟರು. ಕಾಲು ಕರುವಿನ ಹಗ್ಗಕ್ಕೆ ಸಿಕ್ಕಿತು. ಮೂರು ದಿನ ಒಲೆಯ ಪಕ್ಕದಲ್ಲಿ ಕಂಬಳಿ ಹೊದ್ದು ಬಾಣಂತಿಯ ಹಾಗೆ ಮಲಗಿದ್ದ ಮೊಸರಿನ ಗಡಿಗೆ ಅವರ ಕೈಜಾರಿ ನೆಲಕ್ಕೆ ಬಿದ್ದು ಒಡೆಯಿತು.

ಅವತ್ತು ತಿಲಸಂಕ್ರಾಂತಿ. ಮಧ್ಯಾಹ್ನದೊಳಗೆ ಆ ಮೊಸರು ಮಗಳ ಅತ್ತೆಮನೆಗೆ ಹೋಗಬೇಕಿತ್ತು. ಮದುವೆಯಾದ ಮೊದಲ ವರ್ಷವೇ ಹೋಗದಿದ್ದರೆ ಹುಡುಗಿ ಅಲ್ಲಿ ತಲೆಯೆತ್ತುವುದು ಹೇಗೆ?

ಹೆಂಡತಿ ಭಗವತಿ ಹೊರಗೆ ಬಂದಳು. ಗಂಡನ ಕಾಲಿನ ಹೆಬ್ಬೆರಳಲ್ಲಿ ರಕ್ತ ಕಂಡು, ಹಳೆ ಬಟ್ಟೆ ಹರಿದು ಕಟ್ಟಿದಳು. ಗಂಟು ಮಾತ್ರ ಸ್ವಲ್ಪ ಬಿಗಿಯಾಗಿಯೇ ಬಿತ್ತು.

"ಒಡೆದದ್ದು ನಾನಲ್ಲ ಕಣೇ. ಹಗ್ಗ ಅಡ್ಡ ಬಂತು."

"ಹಗ್ಗಕ್ಕೆ ಕಾಲಿದೆಯಾ?"

ಮೂವತ್ತು ವರ್ಷ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರದ ತರ್ಕ ಕಲಿಸಿದವರು ಇಷ್ಟಕ್ಕೆ ಸೋಲುತ್ತಾರೆಯೇ? ಮಿಥಿಲೆಯ ಆ ಊರಿನಲ್ಲಿ 'ಕಾರಣ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೆಲ್ಲಕ್ಕೆ ಇರುವೆ ಬಂದ ಹಾಗೆ ಜನ ಸೇರುತ್ತಾರೆ. ಮೊದಲು ಬಂದವನು ನಿವೃತ್ತ ಪೋಸ್ಟ್‌ಮಾಸ್ಟರ್ ಘೂರನ್ ಠಾಕುರ್, ಕೆನ್ನೆಯಲ್ಲಿ ಎಲೆಯಡಿಕೆ ಸಮೇತ.

"ಹಗ್ಗ ಕಟ್ಟಿದ್ದು ಯಾರು, ಪಂಡಿತರೇ?"

"ನಾನೇ. ಆದರೆ ನಿನ್ನೆ. ನಿನ್ನೆಯ ಗಂಟನ್ನು ಹಿಡಿದರೆ ಹಗ್ಗ ಹೊಸೆದವನನ್ನೂ, ಸೆಣಬು ಬಿತ್ತಿದವನನ್ನೂ ಹಿಡಿದು ತರಬೇಕಾಗುತ್ತೆ."

"ನೆಲ ನೋಡದೆ ನಡೆದದ್ದು?"

"ಕಾಗೆ ಮೇಲೆ ನೋಡಿಸಿತು."

"ಅಂದರೆ ಸ್ವಂತ ಬುದ್ಧಿಯಿಂದ ನೀನೇನೂ ಮಾಡಲೇ ಇಲ್ಲ," ಅಂದಳು ಪಕ್ಕದ ಮನೆಯ ಮುದುಕಿ ರಾಮಸಖಿ ಕಾಕಿ. ಮಕ್ಕಳ ಕಾಲಿಗೆ ಚುಚ್ಚದಿರಲೆಂದು ಚೂರು ಆಯುತ್ತಿದ್ದವಳು ಅವಳೊಬ್ಬಳೇ. "ಭಗವತಿಯೂ ಮದುವೆಯಾದಾಗಿನಿಂದ ಅದನ್ನೇ ಹೇಳ್ತಾಳಪ್ಪ."

ಎಲ್ಲರೂ ನಕ್ಕರು. ಫೂಲೇಶ್ವರ ಝಾ ಶಾಲು ಸರಿಪಡಿಸಿಕೊಂಡು ಕೊನೆಯ ಬಾಣ ತೆಗೆದರು.

"ಮೊಸರು ತಿನ್ನುವ ಸುಖ ಯಾರದ್ದು? ತಿನ್ನುವವನದ್ದು. ಅದು ತಪ್ಪಿದರೆ ಯಾರ ಪೂರ್ವಕರ್ಮ? ಅವನದ್ದೇ. ನನ್ನ ಕಾಲು, ಹಗ್ಗ, ಕಾಗೆ ಎಲ್ಲ ಬರೀ ನೆಪ. ನಮ್ಮ ಬೀಗರ ಹಣೆಯಲ್ಲಿ ಮೊಸರು ಬರೆದಿಲ್ಲ. ಬ್ರಹ್ಮನೇ ಹೊತ್ತು ತಂದರೂ ಅವರ ಬಾಯಿಗೆ ಬೀಳಲಾರದು."

ಠಾಕುರ್ ತಲೆದೂಗಿದ. ಭಗವತಿಯ ಮುಖವೂ ಸಡಿಲಾಯಿತು.

"ಸೊಗಸಾದ ವಾದ," ಎಂದಿತು ಹಿಂದಿನಿಂದ ಒಂದು ದನಿ.

ಅಂಗಳದ ಬಾಗಿಲ ಬಳಿ ಬೀಗರು ನಿಂತಿದ್ದರು, ತಾರಾಕಾಂತ ಮಿಶ್ರರು. ಹಬ್ಬದ ದಿನ ಸೊಸೆ ತೌರನ್ನು ನೆನೆದು ಮಂಕಾಗಿದ್ದಾಳೆಂದು, ಇಲ್ಲಿಯ ಸಮಾಚಾರ ತಿಳಿದು ಅವಳಿಗೆ ಹೇಳಲು ತಾವೇ ಬಸ್ಸು ಹತ್ತಿ ಬಂದಿದ್ದರು. ಕಷ್ಟವೆಂದರೆ, ಅವರು ಕಲಿಸುವುದೂ ನ್ಯಾಯಶಾಸ್ತ್ರವನ್ನೇ.

ಫೂಲೇಶ್ವರ ಝಾ ಅವರ ಮುಖ ನೀರು ಬೆರೆತ ಮಜ್ಜಿಗೆಯಂತಾಯಿತು. "ಬೀಗರೇ, ಅದು... ಮಾತಿಗೆ..."

"ಕೋಪವಿಲ್ಲ, ಬೀಗರೇ. ಸಿದ್ಧಾಂತ ಅಂದಮೇಲೆ ಪರೀಕ್ಷೆ ಮಾಡಬೇಕಲ್ಲ. ಇನ್ನೊಂದು ಗಡಿಗೆಗೆ ಹೆಪ್ಪು ಹಾಕಿಸಿ. ನಾನು ತಿಂದರೆ ನಿಮ್ಮ ವಾದ ಬಿತ್ತು."

"ಈ ಚಳಿಯಲ್ಲಿ ಗಟ್ಟಿಯಾಗೋಕೆ ಮೂರು ದಿನ ಬೇಕು."

"ಇರುತ್ತೇನೆ," ಎಂದು ಮಿಶ್ರರು ಚಪ್ಪಲಿ ಬಿಟ್ಟರು. "ಒಂದು ಸಲ ತಿಂದದ್ದು ಆಕಸ್ಮಿಕ ಅಂದುಬಿಡ್ತೀರಿ ನೀವು. ಹತ್ತು ಗಡಿಗೆಯಾದರೂ ತಿಂದು ತೋರಿಸುತ್ತೇನೆ."

ಬೀಗರನ್ನು ಕಂಡು ಒಳಬಾಗಿಲ ಹಿಂದೆ ಸರಿದು ಸೆರಗೆಳೆದುಕೊಂಡಿದ್ದ ಭಗವತಿಯ ಕೈಯೊಂದು ಹಾಲಿನ ಪಾತ್ರೆಯನ್ನು ಗಂಡನ ಕಡೆಗೆ ನೂಕಿತು. ಪಂಡಿತರು ಅದನ್ನೆತ್ತಿಕೊಂಡು ಕುಂಟುತ್ತ ಹೊರಟರು.

"ಈಗ ಹಾಲಿಗೆ ಹೊರಟಿರೋದು ನೀವಾಗಿಯೇನಾ, ಪಂಡಿತರೇ?" ಠಾಕುರ್ ಕೇಳಿದ.

"ಅದನ್ನ ಒಳಗೆ ಕೇಳು," ಎಂದರು ಫೂಲೇಶ್ವರ ಝಾ.